ಬನ್ನಿ ಹಿಡಿದು ಹೋದ ಬಾಗಿಲುಗಳು

ತೆಲಂಗಾಣದ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಜೆಯಾದರೆ ಹೆಂಗಸರೆಲ್ಲ ಕೆಳಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಸೊಪ್ಪು ಬಿಡಿಸುವುದು ನೆಪ, ಊರ ಉಸಾಬರಿಯೇ ಮುಖ್ಯ. ನಾನು ಪುಂಡಿಪಲ್ಯ ಎನ್ನುವುದನ್ನು ಉಳಿದವರು ಗೋಂಗೂರ ಎನ್ನುತ್ತಾರೆ. ಅದೊಂದು ಬಿಟ್ಟರೆ ನಮ್ಮಲ್ಲಿ ತಕರಾರು ಕಡಿಮೆ.

ನಮ್ಮ ಎದುರು ಮನೆಯವರನ್ನು ನಾನು ಆಪಾ ಎನ್ನುತ್ತೇನೆ, ಅಕ್ಕ ಅಂತ. ಬೀದರಿನವರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನ್ನ ಜೊತೆ ಕನ್ನಡ, ಮಿಕ್ಕವರ ಜೊತೆ ತೆಲುಗು. ಇಡೀ ಬಿಲ್ಡಿಂಗಿನಲ್ಲಿ ಅವರದೊಂದೇ ಮುಸ್ಲಿಂ ಮನೆ. ಎಲ್ಲೋ ಬಾಂಬು ಸಿಡಿಯಿತು, ಯಾರಿಗೋ ಚಾಕು ಹಾಕಿದರು ಎಂದು ಟಿವಿಯಲ್ಲಿ ಬಂದ ಸಂಜೆ ಆಪಾ ಕುರ್ಚಿಯ ಹಿಂದೆ ನಿಂತುಕೊಂಡೇ ಹೇಳುತ್ತಿದ್ದರು: ಮಾಡಿದ್ದು ತಪ್ಪು, ಅಂಥವರಿಗೆ ನಮ್ಮಲ್ಲಿ ಜಾಗವಿಲ್ಲ. ಹೇಳಿ ಮುಗಿದ ಮೇಲೆಯೇ ಕೂರುವುದು. ಅವರು ಬಂದ ಹೊಸತರಲ್ಲಿ ಬಿಲ್ಡಿಂಗಿನ ಸೆಕ್ರೆಟರಿಯ ಹೆಂಡತಿ, “ನಿಮ್ಮವರು ಹೀಗೆ ಮಾಡಿದ್ದಾರಲ್ಲ, ನೀವೇನಂತೀರಿ?” ಎಂದು ಎಲ್ಲರೆದುರು ಕೇಳಿದ್ದಳು. ಮತ್ತೆ ಕೇಳಿಸಿಕೊಳ್ಳುವ ಪ್ರಸಂಗವನ್ನೇ ಆಪಾ ಬರಗೊಡಲಿಲ್ಲ.

ಒಮ್ಮೆ ಎಡವಟ್ಟಾಯಿತು. ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕಂಡವರಿಗೆ ಚಾಕು ಹಾಕಿದ್ದ. ಅವನ ಹೆಸರು ಹೊರಬರುವ ಮೊದಲೇ ಆಪಾ ಇಳಿದು ಬಂದು, ಹೇಳುವುದನ್ನು ಹೇಳಿ ಕೂತರು. ಸ್ವಲ್ಪ ಹೊತ್ತಿಗೆ ಯಾರದೋ ಫೋನಿನಲ್ಲಿ ಹೆಸರು ಬಂತು. ಹಿಂದೂ ಹೆಸರು.

“ಪಾಪ, ತಲೆ ಕೆಟ್ಟಿರಬೇಕು” ಎಂದು ಸೆಕ್ರೆಟರಿಯ ಹೆಂಡತಿ ಲೊಚಗುಟ್ಟಿದಳು. ಮನೆಯಲ್ಲಿ ಏನು ಟೆನ್ಶನ್ನೋ ಎಂದಳು ಇನ್ನೊಬ್ಬಳು. ಅರ್ಧ ಗಂಟೆ ಮುಂಚೆ ರಾಕ್ಷಸನಾಗಿದ್ದವನಿಗೆ ಎಷ್ಟು ಬೇಗ ಕಾಯಿಲೆ ಬಂತು! ನನಗೆ ಮೈಯೆಲ್ಲ ಉರಿಯಿತು. ಆಪಾ ಮಾತ್ರ ತಲೆ ಬಗ್ಗಿಸಿ ಎಲೆ ಬಿಡಿಸುತ್ತಿದ್ದರು.

ಆಮೇಲೆ ಒಂದು ದಸರೆಗೆ ಮುಂಚೆ ನಮ್ಮ ಮನೆಯೇ ಸುದ್ದಿಯಾಯಿತು. ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ನನ್ನ ತಮ್ಮ, ಜಗಳದಲ್ಲಿ ಕೂಲಿಯವನೊಬ್ಬನ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದ. ಅವನು ಆಸ್ಪತ್ರೆಗೆ, ಇವನು ಜೈಲಿಗೆ. ಪೇಪರಿನಲ್ಲೂ ಬಂತು.

ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಕೈಗಿಟ್ಟು ಕಾಲು ಮುಟ್ಟುವುದು ನಮ್ಮಲ್ಲೂ ಉಂಟು, ತೆಲಂಗಾಣದವರಲ್ಲೂ ಉಂಟು. ತಪ್ಪಿಸಿಕೊಳ್ಳುವಂತಿರಲಿಲ್ಲ. ಬಾಗಿಲಲ್ಲಿ ಕೇಳಿಯೇ ಕೇಳುತ್ತಾರೆಂದು ಕನ್ನಡಿಯ ಮುಂದೆ ನಿಂತು ಉತ್ತರ ಬಾಯಿಪಾಠ ಮಾಡಿದೆ: ಮಾಡಿದ್ದು ತಪ್ಪು, ನಮ್ಮ ಮನೆತನ ಅಂಥದ್ದಲ್ಲ. ಹೇಳುತ್ತಾ ಹೇಳುತ್ತಾ, ಇದು ಆಪಾನ ಮಾತಲ್ಲವೇ ಎನ್ನಿಸಿತು.

ಯಾರೂ ಕೇಳಲಿಲ್ಲ. ಒಂದು ಬಾಗಿಲಲ್ಲಿ ಗ್ರಹಚಾರ ಎಂದರು. ಇನ್ನೊಂದರಲ್ಲಿ, ಎಷ್ಟು ಒಳ್ಳೆಯ ಹುಡುಗ, ಬಿಪಿ ಇತ್ತೇನೋ ಎಂದರು. ಸೆಕ್ರೆಟರಿಯ ಹೆಂಡತಿ ಲಾಡು ಕೊಟ್ಟು, ಗೊತ್ತಿರುವ ವಕೀಲರಿದ್ದಾರೆ ಎಂದಳು. ಹೊಡೆದವನು ನನ್ನ ಒಡಹುಟ್ಟಿದವನು. ಆದರೂ ನನ್ನ ಜಾತಿ, ನನ್ನ ದೇವರು ಯಾವುದನ್ನೂ ಯಾರೂ ಕಟಕಟೆಗೆ ಎಳೆಯಲಿಲ್ಲ. ಮುಖವನ್ನೇ ಕಾಣದವರ ತಪ್ಪನ್ನು ಇಷ್ಟು ವರ್ಷ ಹೊತ್ತು ಮೆಟ್ಟಿಲಿಳಿದವರ ಬಾಗಿಲಿಗೆ ಕೊನೆಯಲ್ಲಿ ಬಂದೆ.

ಆಪಾ ಬಾಗಿಲು ತೆರೆದರು. ನಾನು ಹೊಸ್ತಿಲಾಚೆ ನಿಂತೇ ಅಂದೆ: “ಆಪಾ, ನನ್ನ ತಮ್ಮ ಮಾಡಿದ್ದು ಭಾಳ ತಪ್ಪೈತ್ರಿ.”

“ನೀ ಮಾಡಿಲ್ಲಲ್ಲ ತಂಗಿ, ನೀ ಯಾಕ ಹೇಳ್ತಿ?” ಎಂದು ಕೈಹಿಡಿದು ಒಳಗೆ ಎಳೆದುಕೊಂಡರು. “ಪೆಟ್ಟು ತಿಂದಾಂವ ಹೆಂಗದಾನ?”

“ಎಚ್ಚರ ಆಗೈತಂತ್ರಿ.”

ಅಷ್ಟೂ ಬಾಗಿಲುಗಳಲ್ಲಿ ಅವನನ್ನು ವಿಚಾರಿಸಿದವರು ಇವರೊಬ್ಬರೇ. ನಾನು ಬೆರಗಾಗಿ ಅವರನ್ನೇ ನೋಡಿದೆ. ನೀವು ಮಾಡಿಲ್ಲವಲ್ಲ ಎಂಬ ಮಾತನ್ನು ಈ ಬಿಲ್ಡಿಂಗಿನಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ. ತನಗೆ ಯಾರೂ ಕೊಡದ್ದನ್ನು ಈ ಹೆಂಗಸು ಎಲ್ಲಿಂದ ತಂದು ನನಗೆ ಕೊಟ್ಟರು? ಬನ್ನಿ ಕೈಗಿಟ್ಟು ಕಾಲು ಮುಟ್ಟಿದೆ. ಆ ದಿನ ಮನಸ್ಸಿಟ್ಟು ಬಾಗಿದ್ದು ಅಲ್ಲೊಂದೇ ಕಡೆ.

ದೀಪಾವಳಿ ಕಳೆದ ಮೇಲೆ ಮತ್ತೆ ಎಲ್ಲೋ ಬಾಂಬು ಸಿಡಿಯಿತು. ಸಂಜೆ ಆಪಾ ಇಳಿದು ಬಂದು ಎಂದಿನಂತೆ ಕುರ್ಚಿಯ ಹಿಂದೆ ನಿಂತರು. ಅವರು ಬಾಯಿ ತೆರೆಯುವ ಮೊದಲೇ ನಾನೆಂದೆ: “ನೀವು ಮಾಡಿಲ್ಲಲ್ರಿ ಆಪಾ, ನೀವ್ಯಾಕ ಹೇಳ್ತೀರಿ? ಕೂಡ್ರಿ.” ಅದನ್ನೇ ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ. ಸೆಕ್ರೆಟರಿಯ ಹೆಂಡತಿ ಸೊಪ್ಪಿನ ಮೇಲಿನ ಕಣ್ಣು ಎತ್ತಲಿಲ್ಲ.

ಆಪಾ ಅಂದು ಹೇಳದೆಯೇ ಕೂತರು. ಪುಂಡಿಸೊಪ್ಪಿನ ಕಟ್ಟು ಕೈಗೆತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. ಆ ಸಂಜೆ ಅವರಿಂದ ಒಂದು ಎಲೆಯನ್ನೂ ಬಿಡಿಸಲಾಗಲಿಲ್ಲ.