ಬಾಬಿನ್ ಮುಗಿದರೆ ಏಳಬೇಕು

ಅವರ ಬಲಗೈ ತೋರುಬೆರಳಿನ ಉಗುರಿನ ನಡುವೆ ಸಾಸಿವೆ ಕಾಳು ಕೂರುವಷ್ಟು ಒಂದು ಗುಳಿ ಇತ್ತು. ಹೊಲಿಗೆ ಮಿಷನ್ನಿನ ಸೂಜಿ ಎಂದೋ ಉಗುರಿನ ಮೇಲಿಂದ ಇಳಿದು ಬೆರಳಿನ ಕೆಳಗೆ ಹೊರಬಂದ ಗುರುತು. ಅಳತೆ ತೆಗೆಯುವಾಗ ಆ ಬೆರಳು ಮೊದಲು ನಮ್ಮ ಕತ್ತಿನ ಹಿಂದಿನ ಮೂಳೆಯ ಮೇಲೆ ಬಂದು ನಿಲ್ಲುತ್ತಿತ್ತು, ಟೇಪು ಆಮೇಲೆ. ನಾನು ಶಿಡ್ಲಘಟ್ಟದ ಸ್ಕೂಲಿಗೆ ವರ್ಗವಾಗಿ ಬಂದಲ್ಲಿಂದ, ರಿಟೈರ್ ಆದ ಮೇಲೂ, ನನ್ನ ರವಿಕೆಗಳನ್ನೆಲ್ಲ ಹೊಲಿದವರು ಅವರೇ. ಊರಿಗೆಲ್ಲ ಅವರು ಆಪಾ. ಉರ್ದುವಿನಲ್ಲಿ ಅಕ್ಕ ಎಂದರ್ಥ. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನಾನೂ ಆಪಾ ಎಂದೇ ಕರೆದೆ. ಅಕ್ಕ ಎನ್ನಿಸಿಕೊಳ್ಳುವ ಗತ್ತು ಅವರಿಗಿತ್ತು.

ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಮಿಷನ್ ಟೇಬಲ್ಲಿನ ನಾಲ್ಕು ಕಾಲಿಗೂ ಒಂದೊಂದು ಇಟ್ಟಿಗೆ. ನೋಡಿದವರು ಕೇಳದೆ ಬಿಡುತ್ತಿರಲಿಲ್ಲ, ಅವರೂ ಹೇಳದೆ ಬಿಡುತ್ತಿರಲಿಲ್ಲ. ಮದುವೆಗೆ ಮುಂಚೆ ಗೌರಿಬಿದನೂರಿನ ಹತ್ತಿರ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದರಂತೆ. ಆಪಾ ಉದ್ದ ಆಳು, ಅಲ್ಲಿನ ಮಿಷನ್ನುಗಳು ಗಿಡ್ಡ. ಇಡೀ ದಿನ ಬಗ್ಗಿ ಬಗ್ಗಿ ಬೆನ್ನು ಬಿದ್ದುಹೋಗುತ್ತಿತ್ತು. ಒಂದು ದಿನ ಹೊರಗಿಂದ ನಾಲ್ಕು ಇಟ್ಟಿಗೆ ತಂದು ಕಾಲಡಿ ಇಟ್ಟರು. ಸೂಪರ್‌ವೈಸರ್ ತೆಗೆಸಿದ. ಮಾರನೇ ಬೆಳಗ್ಗೆ ಇವರು ಮತ್ತೆ ಇಟ್ಟರು.

"ಎಲ್ಲರಿಗೂ ಒಂದೇ ಹೈಟು. ನಿನಗೊಬ್ಬಳಿಗೆ ಬೇರೆನಾ?" ಅಂದನಂತೆ.

"ಎಲ್ಲರಿಗೂ ಒಂದೇ ರವಿಕೆ ಆಗತ್ತಾ ಸಾರ್?" ಅಂದರಂತೆ ಇವರು.

ಕೆಲಸ ಬಿಟ್ಟ ದಿನ ಆ ನಾಲ್ಕು ಇಟ್ಟಿಗೆಯನ್ನೂ ಚೀಲದಲ್ಲಿ ಹೊತ್ತು ಬಸ್ ಹತ್ತಿದರು. ಕಂಡಕ್ಟರ್ ಏನಮ್ಮ ಇದು ಅಂದಾಗ "ನನ್ನ ಬೆನ್ನು" ಅಂದರಂತೆ.

ನನ್ನ ಕಥೆಗೆ ಬರುತ್ತೇನೆ. ಮೂವತ್ತೆಂಟು ವರ್ಷ ಬೇರೆಯವರ ಮಕ್ಕಳ ನೋಟ್‌ಬುಕ್ ತಿದ್ದಿದವಳಿಗೆ, ಎಪ್ಪತ್ತು ದಾಟಿದ ಮೇಲೆ ಬೆಂಗಳೂರಿನ ಒಂದು ಪ್ರಕಾಶನದವರು ಕೆಲಸ ಕೊಟ್ಟರು. ತಿಮಿಂಗಿಲಗಳ ಬಗ್ಗೆ ಮಕ್ಕಳಿಗಾಗಿ ಬರೆದ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಅದನ್ನು ಕನ್ನಡಕ್ಕೆ ತರಬೇಕು. ರಕ್ಷಾಪುಟದ ಮೇಲೆ ನನ್ನ ಹೆಸರು! ಲ್ಯಾಪ್‌ಟಾಪ್ ಕೊಂಡೆ, ಕನ್ನಡ ಟೈಪಿಂಗ್ ಕಲಿತೆ. ಮಂಚದ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ನಾನಿರುವುದು ತಮ್ಮನ ಮನೆಯಲ್ಲಿ; ಬೆಳಗ್ಗೆ ಕೂತರೆ ಅವನ ಹೆಂಡತಿ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಐ ವಾಸ್ ಸೋ ಹ್ಯಾಪಿ.

ನಾಲ್ಕನೇ ತಿಂಗಳು ಆಪಾ ಹೊಲಿದ ಹೊಸ ರವಿಕೆ ಸರಿಬರಲಿಲ್ಲ. ಸಿಟ್ಟಿನಿಂದ ಹೋದೆ.

"ವಾಟ್ ಈಸ್ ದಿಸ್ ಆಪಾ? ಎಡಗಡೆ ಎಳೀತಿದೆ, ಬಲಗಡೆ ಜಾರ್ತಿದೆ. ಕಣ್ಣು ಮಂಜಾಯ್ತಾ?"

ಅವರು ಅಳತೆ ಪುಸ್ತಕ ತೆಗೆದರು, ರವಿಕೆಗೆ ಟೇಪು ಹಿಡಿದರು. ಆಮೇಲೆ ನನ್ನನ್ನು ತಿರುಗಿಸಿ ನಿಲ್ಲಿಸಿದರು. ಗುಳಿ ಬಿದ್ದ ಬೆರಳು ಕತ್ತಿನ ಮೂಳೆಯ ಮೇಲೆ ಬಂತು, ಅಲ್ಲೇ ಬಹಳ ಹೊತ್ತು ನಿಂತಿತು.

"ಎಡ ಭುಜ ಅರ್ಧ ಇಂಚು ಮೇಲೆ. ಬೆನ್ನಗಲ ಒಂದಿಂಚು ಜಾಸ್ತಿ. ಹಳೇ ಅಳತೆಗೆ ರವಿಕೆ ಸರಿಯಾಗೇ ಇದೆ ಟೀಚರಮ್ಮ. ನೀವು ಬದಲಾಗಿದೀರ."

"ವಯಸ್ಸಾಯ್ತಲ್ಲ ಆಪಾ."

"ವಯಸ್ಸು ಆದ್ರೆ ಎರಡು ಭುಜಕ್ಕೂ ಆಗತ್ತೆ. ಒಂದಕ್ಕೇ ಯಾಕಾಗತ್ತೆ?"

ಬಿಚ್ಚಿ ಸರಿಮಾಡಿಕೊಡಿ ಎಂದೆ. ಆಪಾ ರವಿಕೆಯನ್ನು ಮಡಚಿ ಮೇಲಿನ ಗೂಡಿನಲ್ಲಿಟ್ಟುಬಿಟ್ಟರು. "ಸೊಟ್ಟಕ್ಕೆ ನಾನು ಹೊಲಿಯಲ್ಲ. ಇವತ್ತು ಅರ್ಧ ಇಂಚಿಗೆ ಹೊಲಿದ್ರೆ ನಾಳೆ ಒಂದಿಂಚಿಗೆ ಬರ್ತೀರ. ಊರಲ್ಲಿ ಬೇರೆ ಟೈಲರ್‌ಗಳಿದಾರೆ, ಹೋಗಿ."

ಹೋದೆ, ಆದರೆ ಬೇರೆ ಟೈಲರ್ ಹತ್ತಿರ ಅಲ್ಲ. ಅಷ್ಟರಲ್ಲಿ ಎಡಗೈ ಬೆರಳುಗಳು ಜೋಮು ಹಿಡಿಯತೊಡಗಿದ್ದವು, ಕತ್ತು ತಿರುಗುತ್ತಿರಲಿಲ್ಲ. ತಮ್ಮ ಮತ್ತು ಅವನ ಹೆಂಡತಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಕೂರೋ ರೀತಿ ಬದಲಾಯಿಸಿ, ಇಲ್ಲ ಅಂದ್ರೆ ನಿಲ್ಲಿಸಿ" ಎಂದರು ಡಾಕ್ಟರು. ಅವರಿಬ್ಬರ ಕಿವಿಗೆ ಬಿದ್ದದ್ದು ಎರಡನೇ ಅರ್ಧ ಮಾತ್ರ. ಲ್ಯಾಪ್‌ಟಾಪ್ ಬೀರು ಸೇರಿತು. ಪುಸ್ತಕ ಅರ್ಧಕ್ಕೇ ನಿಂತಿತ್ತು. ಆಗುವುದಿಲ್ಲ ಎಂದು ಪ್ರಕಾಶನದವರಿಗೆ ಹೇಗೆ ಬರೆಯಲಿ ಎಂದು ನಾನು ಮನಸ್ಸಿನಲ್ಲೇ ಲೆಟರ್ ಡ್ರಾಫ್ಟ್ ಮಾಡುತ್ತಿದ್ದೆ.

ಆ ವಾರವೇ ಆಪಾ ಮನೆಗೆ ಬಂದರು. ಕುತ್ತಿಗೆಯಲ್ಲಿ ಟೇಪು.

"ಎಲ್ಲಿ ಆ ಟೈಪ್ ಮಾಡೋ ಮಿಷನ್ನು? ಹೆಂಗೆ ಕೂತ್ಕೊಳ್ತೀರ, ತೋರಿಸಿ."

ತಮ್ಮನ ಹೆಂಡತಿಗೆ ಹಿಡಿಸಲಿಲ್ಲ. "ಬಿಡಿ ಆಪಾ. ಎಪ್ಪತ್ತೆರಡು ವರ್ಷಕ್ಕೆ ಯಾಕೆ ಇದೆಲ್ಲ? ಅಕ್ಕ ರಾಮಾ ಕೃಷ್ಣಾ ಅಂತ ಇರಬಾರದಾ?"

"ರಾಮಾ ಕೃಷ್ಣಾ ಅನ್ನೋಕೂ ಕತ್ತು ನೆಟ್ಟಗಿರಬೇಕಲ್ಲಮ್ಮ" ಎಂದರು ಆಪಾ.

ಬೀರುವಿನಿಂದ ಲ್ಯಾಪ್‌ಟಾಪ್ ತೆಗೆದು, ಮಂಚದ ಮೇಲೆ ಕೂತು ಅರ್ಧ ಪುಟ ಟೈಪ್ ಮಾಡಿ ತೋರಿಸಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಲ್ಯಾಪ್‌ಟಾಪಿನ ಬಿಸಿ ತಳ ಮುಟ್ಟಿ ನೋಡಿದವರು ನಗು ನಿಲ್ಲಿಸಿದರು. "ಇಸ್ತ್ರಿ ಪೆಟ್ಟಿಗೆ ಹಿಂಗೆ ದಿಂಬಿನ ಮೇಲೆ ಇಡ್ತೀರಾ? ಇದಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?"

ಆಮೇಲೆ ನಡೆದದ್ದು ನಿಜಕ್ಕೂ ರವಿಕೆಯ ಅಳತೆಯ ಹಾಗೆಯೇ. ಊಟದ ಟೇಬಲ್ಲಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಕಣ್ಣಿನ ಎತ್ತರಕ್ಕೆ ಟೇಪು ಹಿಡಿದರು, ಮೊಣಕೈ ಎತ್ತರಕ್ಕೆ ಹಿಡಿದರು. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರಲು ನನ್ನ ಕನ್ನಡ ನಿಘಂಟಿನ ಎರಡು ಸಂಪುಟ ಬೇಕಾದವು.

"ಇಷ್ಟು ದಪ್ಪ ಬುಕ್ಕು ಪೂರಾ ಓದಿದೀರಾ?"

"ಅಷ್ಟಿಷ್ಟು."

"ಇವತ್ತು ಪೂರಾ ಕೆಲಸಕ್ಕೆ ಬಂತು ನೋಡಿ."

ಪರದೆ ಮೇಲೇರಿದ ಮೇಲೆ ಕೈಯೂ ಗಾಳಿಗೇರಿತು. ಮೊಣಕೈ ಪಕ್ಕೆಗೆ ಅಂಟಿರಬೇಕು, ಮಣಿಕಟ್ಟು ಮುರಿಯಬಾರದು ಎಂದು ಅವರ ಹಟ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಿಂದ ಬೇರೆ ಕೀಬೋರ್ಡ್, ಮೌಸ್ ತರಿಸಿದೆವು. ನೆಲ ಮುಟ್ಟದ ನನ್ನ ಪಾದಗಳ ಕೆಳಗೆ ಊಟದ ಮಣೆ ಬಂತು. ಬೆಳಕು ಪಕ್ಕದಿಂದ ಬೀಳುವ ಹಾಗೆ ಟೇಬಲ್ಲನ್ನು ತಿರುಗಿಸಿದರು. ಚಾರ್ಜರ್ ವೈರು ನಡೆಯುವ ದಾರಿಗೆ ಅಡ್ಡ ಬಿದ್ದಿತ್ತು. ಸೀರೆ ಉಡುವವರ ಮನೆಯಲ್ಲಿ ಇದೇನು ಎಂದು ಬೈದು ಗೋಡೆಗುಂಟ ಹಾಯಿಸಿದರು.

ಹೊರಡುವಾಗ ಕೇಳಿದರು, "ಯಾವಾಗ ಏಳ್ತೀರ?"

"ಮುಗಿದ ಮೇಲೆ."

"ತೋಬಾ! ಬಾಬಿನ್ ಮುಗಿದ್ರೆ ನಾನು ಏಳ್ತೀನಿ. ಆ ಪುಟ್ಟ ಉರುಳೆಗೆ ಮತ್ತೆ ದಾರ ಸುತ್ತೋಕೆ ಮುಂಚೆ ಬಾಗಿಲ ತನಕ ಹೋಗಿ, ದೂರದ ಬೆಟ್ಟ ನೋಡಿ ಬರ್ತೀನಿ. ಇಲ್ದಿದ್ರೆ ಈ ಕಣ್ಣು, ಈ ಸೊಂಟ ಇಷ್ಟು ವರ್ಷ ಬರ್ತಿತ್ತಾ?"

"ನನ್ನ ಹತ್ರ ಬಾಬಿನ್ ಎಲ್ಲಿದೆ ಆಪಾ?"

"ಒಂದು ಪುಟ ಒಂದು ಬಾಬಿನ್. ಅದ್ಸರಿ, ಏನು ಬರೀತಿದೀರ?"

ತಿಮಿಂಗಿಲದ ಚಿತ್ರ ತೋರಿಸಿದೆ. ಎಷ್ಟುದ್ದ ಎಂದು ಕೇಳಿದರು, ಹೇಳಿದೆ. ಟೇಪನ್ನು ಕೈಯಲ್ಲಿ ಸುತ್ತುತ್ತಾ ಯೋಚಿಸಿದರು. "ಇದಕ್ಕೆ ರವಿಕೆ ಹೊಲಿಯೋಕೆ ನನ್ನಿಂದಾಗಲ್ಲಪ್ಪ."

ಚಿಕ್ಕವಳಾಗಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು "ಸಿಟ್ ಅಪ್ ಸ್ಟ್ರೇಟ್, ಚೈಲ್ಡ್" ಎಂದು ಸ್ಕೇಲಿನಿಂದ ಬೆನ್ನು ತಟ್ಟುತ್ತಿದ್ದರು. ಹೇಳಿದ್ದು ಕೇಳಲಿ ಎಂದು ನೆಟ್ಟಗೆ ಕೂರಿಸುತ್ತಿದ್ದರು. ಹೇಳಿದ್ದು ಕೇಳದೇ ಇರಲೂ ನೆಟ್ಟಗೆ ಕೂರಬೇಕಾಗುತ್ತದೆ ಎಂದು ನನಗೆ ಕಲಿಸಿದವರು ಆಪಾ. ಪುಟಕ್ಕೊಮ್ಮೆ ಎದ್ದೆ. ಒಮ್ಮೊಮ್ಮೆ ಮರೆತು ಬೈಸಿಕೊಂಡೆ. ಜೋಮು ನಿಧಾನವಾಗಿ ಕಡಿಮೆಯಾಯಿತು. ಮಳೆಗಾಲದ ಹೊತ್ತಿಗೆ ಪುಸ್ತಕ ಮುಗಿಯಿತು. ರವಿಕೆ ಕೇಳಲು ಹೋದಾಗಲೆಲ್ಲ ಬೆರಳು ಕತ್ತಿನ ಮೇಲೆ ಬರುತ್ತಿತ್ತು, "ಇನ್ನೂ ಕಾಲಿಂಚಿದೆ, ಹೋಗಿ" ಎಂದು ವಾಪಸು ಕಳಿಸುತ್ತಿದ್ದರು.

ಪುಸ್ತಕ ಅಚ್ಚಾಗಿ ಬರುವ ಮೊದಲೇ ಆಪಾ ಹೋಗಿಬಿಟ್ಟರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಕೆಲವು ದಿನ ಬಿಟ್ಟು ಅಂಗಡಿಗೆ ಹೋದಾಗ ಅವರ ಮಗಳು ಮಿಷನ್ನಿನ ಮುಂದೆ ಕೂತಿದ್ದಳು. ಕಾಲಡಿಯ ಇಟ್ಟಿಗೆಗಳು ಇರಲಿಲ್ಲ. ನನ್ನ ಮುಖ ನೋಡಿ ಹೇಳಿದಳು, "ನಾನು ಕುಳ್ಳಿ ಅಲ್ವಾ ಆಂಟಿ. ನಿನಗೆ ಇದು ಬೇಡ, ತೆಗೆದುಹಾಕು ಅಂತ ಅಮ್ಮಿನೇ ಹೇಳಿದ್ರು." ಗೂಡಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟಳು. "ನಿಮ್ಮ ರವಿಕೆ. ಒಂದು ಹೊಲಿಗೆನೂ ಬಿಚ್ಚಬಾರದು ಅಂದಿದ್ರು."

ಮೂಲೆಯಲ್ಲಿದ್ದ ಇಟ್ಟಿಗೆಗಳಲ್ಲಿ ಎರಡನ್ನು ಕೇಳಿ ತಂದೆ. ಅವು ಈಗ ನನ್ನ ಲ್ಯಾಪ್‌ಟಾಪಿನ ಕೆಳಗಿವೆ. ನಿಘಂಟು ಅಲ್ಲಿಂದ ಬಿಡುಗಡೆಯಾಗಿ ಕೈಗೆ ಸಿಕ್ಕಿದೆ. ಈಗ ಆನೆಗಳ ಪುಸ್ತಕ. "ಇನ್ನೂ ಎಷ್ಟು ದಿನ ಅಕ್ಕ ಇದು?" ಎಂದು ತಮ್ಮನ ಹೆಂಡತಿ ಕೇಳುತ್ತಲೇ ಇರುತ್ತಾಳೆ. "ಬಾಬಿನ್ ಇರೋವರೆಗೂ ಕಣಮ್ಮ" ಎನ್ನುತ್ತೇನೆ.

ಇವತ್ತು ಆ ರವಿಕೆ ತೊಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎಡಗಡೆ ಒಂದೆಳೆಯಷ್ಟು ಈಗಲೂ ಎಳೆಯುತ್ತದೆ. ಬಿಚ್ಚಿಸುವುದಿಲ್ಲ. ಬರೆಯುವುದನ್ನು ಬಿಡುವುದೂ ಇಲ್ಲ.