ಬಲಬದಿ ಅವಳದು, ಎಡಬದಿ ನನ್ನದು

ನಾನು ಕಟ್ಟಿದ ಗಂಟು ಇದುವರೆಗೆ ಯಾವುದೂ ನಿಂತದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕಂದಿನಲ್ಲಿ ನಾನು ಕಟ್ಟಿದ ದನ ಹಗ್ಗ ಬಿಚ್ಚಿಕೊಂಡು ಹೋಗಿ ಪಕ್ಕದವರ ಬಸಳೆ ಚಪ್ಪರವನ್ನು ಬುಡಸಮೇತ ಮೇಯ್ದಿದೆ. ಬಸ್ಸಿನ ತಲೆಯ ಮೇಲೆ ನಾನು ಕಟ್ಟಿದ ಹಾಸಿಗೆ ಕುಮಟೆಗೆ ಮುಟ್ಟುವ ಮೊದಲೇ ಇಳಿದುಕೊಂಡಿದೆ. ಬೂಟಿನ ಲೇಸು ಸಾಲ ಕೇಳುವವರ ಹಾಗೆ ನನ್ನ ಹಿಂದೆಯೇ ಎಳೆದಾಡಿಕೊಂಡು ಬರುತ್ತದೆ. ಮದುವೆಯ ದಿನ ಸೆರಗಿಗೆ ಹಾಕಿದ ಗಂಟೊಂದು ಇವತ್ತಿಗೂ ಬಿಚ್ಚಿಲ್ಲ. ಅದನ್ನು ಕಟ್ಟಿದವರು ಪುರೋಹಿತರು.

ಇಂಥವನು ಮೂರು ಕಂಬದ ಹಾಯಿಹಡಗಿಗೆ ಹಗ್ಗ ಕಟ್ಟಲು ಕೂತ ಅಂದರೆ ನಿಮಗೆ ನಗು ಬರುತ್ತದೆ. ನಗಿ. ನನ್ನ ಹೆಂಡತಿ ಶಾಲಿನಿ ನಿಮಗಿಂತ ಮೊದಲೇ ನಕ್ಕು ಮುಗಿಸಿದ್ದಾಳೆ. ಹಡಗೇನೂ ದೊಡ್ಡದಲ್ಲ, ನಮ್ಮ ಊಟದ ಮೇಜಿನ ಅರ್ಧ ಬರುವ ಮರದ ಮಾದರಿ. ಆದರೆ ಹಗ್ಗದ ವಿಷಯದಲ್ಲಿ ಅದು ದೊಡ್ಡ ಹಡಗಿಗಿಂತ ಏನೂ ಕಡಿಮೆಯಿರಲಿಲ್ಲ.

ಇದು ನನ್ನ ಕೊರಳಿಗೆ ಬಂದದ್ದು ಭಟ್ಕಳದ ಇಕ್ಬಾಲನಿಂದ. ಅವನೂ ನಾನೂ ಹೊನ್ನಾವರದ ಕಾಲೇಜಿನಲ್ಲಿ ಒಂದೇ ಬೆಂಚು ಸವೆಸಿದವರು. ಅವನು ಬಟ್ಟೆ ಅಂಗಡಿ ಇಟ್ಟ, ನಾನು ಹೊನ್ನಾವರದಲ್ಲೇ ಹೈಸ್ಕೂಲಿಗೆ ಭೂಗೋಳದ ಮಾಸ್ತರನಾದೆ. ಇಕ್ಬಾಲ ಹೆದ್ದಾರಿಯ ಮೇಲ್ಬದಿಗೆ ಹೊಸ ಮನೆ ಕಟ್ಟಿಸಿದ. ಮನೆ ಚೆಂದವಾಯಿತು, ಬಣ್ಣ ಒಣಗಿತು, ಪಾತ್ರೆಪಗಡಿ ಪೆಟ್ಟಿಗೆ ಸೇರಿತು. ಅಷ್ಟರಲ್ಲಿ ಅವನ ತಾಯಿ ಹಲೀಮಾಬಿ ಬರುವುದಿಲ್ಲವೆಂದು ಕೂತುಬಿಟ್ಟರು. ಅವರು ಹುಟ್ಟಿ ಬೆಳೆದ ಹಳೇ ಮನೆಯ ಮಾಳಿಗೆಯ ಕಿಟಕಿಯಿಂದ ಹೊಳೆ ಸಮುದ್ರಕ್ಕೆ ಹೋಗುವುದು ಕಾಣುತ್ತದೆ. ಅವರ ಅಪ್ಪ ಬೊಂಬಾಯಿಗೆ ಹೋಗುವ ಹಾಯಿಹಡಗಿನ ತಾಂಡೇಲರು, ಅಂದರೆ ಹಡಗು ನಡೆಸುವ ಯಜಮಾನರು. ಹುಡುಗಿಯಾಗಿದ್ದಾಗ ಅವರು ಆ ಕಿಟಕಿಯಲ್ಲೇ ಅಪ್ಪನ ಹಾಯಿಗಾಗಿ ಕಾದವರು. ಹೊಸ ಮನೆಯ ಕಿಟಕಿಯಿಂದ ಕಾಣುವ ನೀರು ಅಂದರೆ ಪಕ್ಕದವರ ಟಾಂಕಿ ತುಂಬಿ ಸುರಿಯುವುದು.

"ನೀರು ಕಾಣದ ಮನೆಗೆ ನಾ ಎಂತಕ್ಕೆ ಬರ್ಲಿ?" ಅಂದರು ಹಲೀಮಾಬಿ.

ಇಕ್ಬಾಲ ಉಪಾಯ ಮಾಡಿದ. ಅವನ ಭಾವ ದುಬೈಯಿಂದ ತಂದಿದ್ದ ಮಾದರಿ ಹಡಗು ಕಟ್ಟುವ ಬಿಡಿಭಾಗಗಳ ಪೆಟ್ಟಿಗೆಯೊಂದು ಯಾರೂ ಮುಟ್ಟದೆ ಕಪಾಟಿನ ಮೇಲಿತ್ತು. ತಾಯಿಯ ಮಂಚದ ಎದುರಿನ ಗೋಡೆಯಲ್ಲಿ ಒಂದು ಗೂಡು ಮಾಡಿಸಿ ಹಡಗನ್ನು ಅಲ್ಲಿಡುವುದು ಅವನ ಯೋಚನೆ. ಹಲೀಮಾಬಿ ಸುಲಭಕ್ಕೆ ಬಗ್ಗುವವರಲ್ಲ. "ಮೊದ್ಲು ಹಡಗು ಬರ್ಲಿ. ನೋಡಿ ಹೇಳ್ತೆ" ಅಂದರು. ಹಡಗು ಕಟ್ಟುವವರು ಯಾರು ಎಂಬ ಮಾತು ಬಂದಾಗ ನಾನು ಅವರ ಮನೆಯಲ್ಲೇ ಕೂತು ಖೀರು ಕುಡಿಯುತ್ತಿದ್ದೆ. "ಇದೆಂತ ಮಹಾ, ನಾನು ಕಟ್ಟಿಕೊಡ್ತೇನೆ" ಎಂದೆ. ಆ ಮಾತು ಆಡಿದ್ದು ನಾನಲ್ಲ, ಖೀರು. ಅದರಲ್ಲಿ ಗೋಡಂಬಿ ಬಹಳ ಹಾಕಿದ್ದರು.

ಸಮುದ್ರಕ್ಕೂ ನನಗೂ ಇರುವ ಸಂಬಂಧವನ್ನೂ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಘಟ್ಟದ ಬುಡದ ಕತಗಾಲದಲ್ಲಿ. ಅಲ್ಲಿ ನೀರು ಇರುವುದು ಮೀಯಲಿಕ್ಕೆ ಮತ್ತು ತೋಟಕ್ಕೆ ಬಿಡಲಿಕ್ಕೆ. ಅದರ ಮೇಲೆ ಕೂತು ಹೋಗುವುದು ನಮ್ಮ ಕಡೆಯವರ ಕಲ್ಪನೆಗೂ ಮೀರಿದ್ದು. ತದಡಿಯಲ್ಲಿ ಒಮ್ಮೆ ಹೊಳೆ ದಾಟುವ ದೋಣಿಯಲ್ಲಿ ಕೂತು, ಆಚೆ ದಡ ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಆದರೂ ತರಗತಿಯಲ್ಲಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬಾಣ ಎಳೆದು ನೈರುತ್ಯ ಮಾರುತವನ್ನು ಬೀಸಿಸುತ್ತೇನೆ, ಈಶಾನ್ಯ ಮಾರುತವನ್ನು ತಿರುಗಿಸುತ್ತೇನೆ. ಮೆಣಸು ಹೊತ್ತ ಹಡಗುಗಳನ್ನು ಅರಬರ ನಾಡಿಗೆ ಕಳಿಸಿ, ಗಂಟೆ ಹೊಡೆಯುವುದರೊಳಗೆ ವಾಪಸು ಕರೆಸುತ್ತೇನೆ. ಹಲಗೆಯ ಮೇಲೆ ನನ್ನ ಯಾವ ಹಡಗೂ ಮುಳುಗಿಲ್ಲ. ಮಳೆಗಾಲದಲ್ಲಿ ಹಡಗುಗಳನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿ ಮಲಗಿಸುತ್ತಿದ್ದರು, ಶ್ರಾವಣದ ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗೆ ಇಳಿಸುತ್ತಿದ್ದರು ಎಂದು ಪಾಠ ಮಾಡುವಾಗ ಖುದ್ದು ಎಳೆದವನ ಹಾಗೆ ಏದುಸಿರು ಬಿಡುತ್ತೇನೆ.

ಹಡಗಿನ ಮೈ ಕಟ್ಟುವುದು ಕಷ್ಟವಾಗಲಿಲ್ಲ. ಮರದ ಪಟ್ಟಿ, ಅಂಟು, ಬಟ್ಟೆಗೆ ಹಾಕುವ ಚಿಮಟಿ, ತಾಳ್ಮೆ ಇದ್ದರೆ ಅದು ತಾನೇ ತಾನಾಗಿ ಹಡಗಾಗುತ್ತ ಬರುತ್ತದೆ. ಮೂರು ಕಂಬ ನಿಲ್ಲಿಸಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ ಬಾಗಿಲಿಗೆ ಹಾಲು ತಂದವನನ್ನೂ ಒಳಗೆ ಕರೆದು ತೋರಿಸಿದೆ. ಆಮೇಲೆ ಹಗ್ಗ ಬಂತು.

ಹಡಗಿಗೆ ಎರಡು ಜಾತಿಯ ಹಗ್ಗ. ಕಪ್ಪು ಹಗ್ಗ ಕಂಬವನ್ನು ಹಿಡಿದು ನಿಲ್ಲಿಸುತ್ತದೆ, ಜಪ್ಪಯ್ಯ ಅಂದರೂ ತಾನು ಅಲ್ಲಾಡುವುದಿಲ್ಲ. ಕಂದು ಹಗ್ಗ ಹಾಯಿಯನ್ನು ಏರಿಸುತ್ತದೆ, ಇಳಿಸುತ್ತದೆ, ದಿನವಿಡೀ ಓಡಾಡುತ್ತದೆ. ನಮ್ಮ ಮನೆಯಲ್ಲಿ ಕಪ್ಪು ಹಗ್ಗ ಯಾರು, ಕಂದು ಹಗ್ಗ ಯಾರು ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಪೇಟೆಗೆ ದಿನಕ್ಕೆ ಎರಡು ಸಲ ಚೀಲ ಹಿಡಿದು ಓಡುವವನು ನಾನು ಎಂದಷ್ಟೇ ಹೇಳುತ್ತೇನೆ. ಕಂಬದ ಎರಡೂ ಪಕ್ಕಕ್ಕೆ ಇಳಿದು ಬರುವ ಈ ಕಪ್ಪು ಹಗ್ಗಗಳಿಗೆ ಅಡ್ಡಡ್ಡ ತೆಳ್ಳಗಿನ ದಾರ ಕಟ್ಟಬೇಕು. ಅದು ಏಣಿ. ನಾವಿಕರು ಅದನ್ನು ಹತ್ತಿಯೇ ಕಂಬದ ತುದಿಗೆ ಹೋಗುವುದು. ದಾರ ಹಗ್ಗವನ್ನು ದಾಟುವಲ್ಲೆಲ್ಲ ಒಂದೊಂದು ಗಂಟು.

ಪೆಟ್ಟಿಗೆಯಲ್ಲಿದ್ದ ಪುಸ್ತಕದಲ್ಲಿ ಗಂಟು ಕಟ್ಟುವ ಚಿತ್ರವಿತ್ತು. ಎರಡು ಕೈ ಮಾತ್ರ, ಮೈಯಿಲ್ಲ, ಮುಖವಿಲ್ಲ. ಮುಖವಿಲ್ಲದವರಿಗೆ ಬೆವರೂ ಇಲ್ಲ, ಬೈಗುಳವೂ ಇಲ್ಲ, ಹೀಗಾಗಿ ಅವರ ಗಂಟು ಸರಿಯಾಗಿ ಬಂದಿತ್ತು. ನನ್ನದು ಬರಲಿಲ್ಲ. ಒಂದು ಗಂಟು ಕಟ್ಟಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಆಕಳಿಸುತ್ತಿತ್ತು. ಹೇಗೋ ಎಡಬದಿಯ ಏಣಿ ಮುಗಿಯಿತು. ಮೆಟ್ಟಿಲೊಂದೊಂದೂ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಿತ್ತು. ಭಟ್ಕಳದಿಂದ ದಿನವೂ ಫೋನು. "ಹಗ್ಗ ಎಲ್ಲಿವರೆಗೆ ಬಂತು ಮಾರಾಯಾ? ಪಾತ್ರೆ ಎಲ್ಲ ಪೆಟ್ಟಿಗೆಲುಂಟು. ಒಂದೇ ಕಾವಲಿ ಹೊರಗಿರೂದು. ಮೂರು ಹೊತ್ತೂ ದೋಸೆ!" ನನ್ನ ಒಂದು ಗಂಟಿಗಾಗಿ ಒಂದು ಸಂಸಾರ ದೋಸೆ ತಿನ್ನುತ್ತಿದೆ ಎಂದು ನೆನೆದರೆ ನನ್ನ ಗಂಟು ಇನ್ನಷ್ಟು ಸಡಿಲವಾಗುತ್ತಿತ್ತು.

ಶಾಲಿನಿ ಎದುರಿಗೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಅವಳು ಭಟ್ಕಳದ ಬೆಳಕೆಯವಳು. ಅಲ್ಲಿಯ ಅವಳ ತವರಿನ ಹಿತ್ತಿಲ ತುಂಬ ಮಲ್ಲಿಗೆ. ಮನೆಯ ಹೆಂಗಸರೆಲ್ಲ ನಸುಕಿನಲ್ಲಿ ಮೊಗ್ಗು ಕೊಯ್ದು, ನೆನೆಸಿದ ಬಾಳೆನಾರಿನಲ್ಲಿ ದಂಡೆ ಕಟ್ಟಿ ಪೇಟೆಗೆ ಕಳಿಸಿ ಬೆಳೆದವರು. ಅವಳು ಟಿವಿ ನೋಡುತ್ತ ಕಟ್ಟುತ್ತಾಳೆ, ಜಗಳ ಮಾಡುತ್ತ ಕಟ್ಟುತ್ತಾಳೆ. ಬೆರಳು ಮಾತ್ರ ತಮ್ಮ ಪಾಡಿಗೆ ಮೊಗ್ಗಿನ ಕೊರಳಿಗೆ ನಾರು ಸುತ್ತಿ ಎಳೆಯುತ್ತಿರುತ್ತವೆ. ನೋಡುತ್ತ ಕೂತ ನನಗೆ ತಟ್ಟನೆ ಹೊಳೆಯಿತು. ಪುಸ್ತಕದ ಗಂಟು, ಮಲ್ಲಿಗೆಯ ಗಂಟು, ಎರಡೂ ಹೆಚ್ಚುಕಡಿಮೆ ಅಕ್ಕತಂಗಿಯರು!

"ಬಲಬದಿ ನೀನು ಕಟ್ಟಿಕೊಡ್ತೀಯಾ?" ಎಂದು ಕೇಳಿದೆ.

"ಅದೆಂತ ಬ್ರಹ್ಮವಿದ್ಯೆಯ? ನೀವು ಸಾಲೆಗೆ ಹೋಗಿ ಬನ್ನಿ" ಅಂದಳು.

ಸಂಜೆ ಬಂದು ನೋಡಿದೆ. ಬಲಬದಿ ಮುಗಿದಿತ್ತು. ಗಂಟೊಂದೊಂದೂ ಮುತ್ತು. ಆದರೆ ಅಯ್ಯೋ ದೇವರೇ, ಏಣಿ ಎಲ್ಲಿ? ಮೆಟ್ಟಿಲು ಮೆಟ್ಟಿಲಿಗೆ ತಾಗಿ, ಎಡೆಯೇ ಇಲ್ಲದೆ, ಕಪ್ಪು ಹಗ್ಗದ ತುಂಬ ದಾರದ ದಂಡೆ! ಇರುವೆ ಕೂಡ ಅದನ್ನು ಹತ್ತಬೇಕಾದರೆ ಕಾಲು ಇಡಲು ಜಾಗ ಹುಡುಕಬೇಕು. ಸಾಲದ್ದಕ್ಕೆ, ಪುಸ್ತಕದಲ್ಲಿ ಹೇಳಿದೆಯೆಂದು ಗಂಟುಗಂಟಿಗೂ ಅಂಟಿನ ಹನಿ ಹಾಕಿ ಒಣಗಿಸಿದ್ದಳು. ಬಿಚ್ಚುವ ಮಾತೇ ಇಲ್ಲ.

"ಎಡೆ ಬಿಡಬೇಕಿತ್ತು ಮಾರಾಯ್ತಿ, ಚಿತ್ರದಲ್ಲಿ ಎಡೆ ಇದೆಯಲ್ಲ!"

"ಎಡೆ ಬಿಟ್ಟು ಕಟ್ಟೂದಾ? ಎಡೆ ಬಿಟ್ಟು ಕಟ್ಟಿದ ದಂಡೆ ಯಾರು ಮುಡಿತ್ರು? ನಮ್ಮ ಆಯಿ ನೋಡಿದ್ರೆ ಬಿಚ್ಚಿ ಮುಖದ ಮೇಲೆ ಒಗೀತಿದ್ಲು."

ದಂಡೆಯಲ್ಲಿ ಎಡೆ ಬಿಟ್ಟರೆ ಹೂವಿಗೂ ಮೋಸ, ಕೊಳ್ಳುವವರಿಗೂ ಮೋಸ ಎಂದು ಬೆಳಕೆಯ ಹಿತ್ತಿಲಿನಲ್ಲಿ ಕಲಿತ ಬೆರಳುಗಳಿಗೆ ವಿದೇಶಿ ಪುಸ್ತಕದ ಚಿತ್ರ ತಿಳಿಯುವುದು ಹೇಗೆ? ಅವಳು ಎಳೆದ ಬಿಗಿಗೆ ಕಂಬ ಮೂರೂ ಬಲಕ್ಕೆ ವಾಲಿದ್ದವು. ನಮ್ಮ ಮನೆಯಲ್ಲಿ ಎಲ್ಲವೂ ಕೊನೆಗೆ ವಾಲುವುದು ಆ ಕಡೆಗೇ ಆದ್ದರಿಂದ ನಾನು ಹೆಚ್ಚು ಆಶ್ಚರ್ಯಪಡಲಿಲ್ಲ. ಎಡದ ಹಗ್ಗಗಳನ್ನು ಎಳೆದು ಕಂಬ ನೆಟ್ಟಗೆ ಮಾಡಿದೆ. ಆ ಹಗ್ಗಗಳು ಒಂದಕ್ಕೊಂದು ಹತ್ತಿರ ಬಂದು ಏಣಿ ಇನ್ನಷ್ಟು ಜೋತುಬಿದ್ದಿತು.

ಮೂರನೆಯ ದಿನ ಶಾಲಿನಿಯೇ ದಾರಿ ತೋರಿಸಿದಳು. ಹಡಗು ಇಡುವುದು ಗೋಡೆಯ ಗೂಡಿನಲ್ಲಿ, ಕಾಣುವುದು ಒಂದೇ ಬದಿ. ಚೆಂದದ ಬದಿ ಹೊರಗೆ, ಜೋಲು ಬದಿ ಗೋಡೆಗೆ. ಚೆಂದದ್ದು ಯಾವುದು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನಗಂತೂ ನಿಜಕ್ಕೂ ಹಗುರವಾಯಿತು. ನಮ್ಮಲ್ಲಿ ಯಾರಿಗಿಲ್ಲ ಹೇಳಿ, ಗೋಡೆಗೆ ತಿರುಗಿಸಿಟ್ಟ ಒಂದು ಬದಿ?

ಭಾನುವಾರ ಬೆಳಿಗ್ಗೆ ಇಕ್ಬಾಲ ಅಂಗಡಿಯ ವ್ಯಾನು ತಂದ. ನಾನು ಹಾಯಿಯನ್ನೂ ಕಟ್ಟಿ ಮುಗಿಸಿದ್ದ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಶರಾವತಿಯ ಸೇತುವೆಯ ಮೇಲೆ ಗಾಳಿ ನುಗ್ಗಿ ಹಾಯಿಗಳು ಉಬ್ಬಿದವು. ಹಾಯಿ ಉಬ್ಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗೆ ಹೊಳೆ ಮಿರಮಿರ ಮಿಂಚುತ್ತಿತ್ತು. ನನಗೆ ಕೂಗಬೇಕೆನ್ನಿಸಿತು, ಕೂಗಿಯೂ ಬಿಟ್ಟೆ. "ಕಿಟಕಿ ಹಾಕಿ ಮಾರಾಯ್ರೆ, ಕಂಬ ಮುರೀತದೆ!" ಎಂದು ಶಾಲಿನಿ ನನಗಿಂತ ಜೋರಾಗಿ ಕೂಗಿದಳು.

ಹೊಸ ಮನೆಗೆ ಹೋದವನು ಮೊದಲು ಗೂಡು ನೋಡಿದೆ. ಗೂಡಿನ ಹಿಂಬದಿಗೆ ಅಂಚಿನಿಂದ ಅಂಚಿಗೆ ಕನ್ನಡಿ ಕೂರಿಸಿದ್ದ ಪುಣ್ಯಾತ್ಮ!

"ಅಂಗಡಿ ಕನ್ನಡಿ ಒಂದು ಉಳಿದಿತ್ತು. ಹಡಗು ಎರಡೂ ಬದಿ ಕಾಣ್ಲಿ ಹೇಳಿ ಹಾಕ್ಸಿದೆ. ಹೇಗುಂಟು?" ಎಂದು ಇಕ್ಬಾಲ ಹೆಮ್ಮೆಯಿಂದ ಕೇಳಿದ.

ಹಡಗು ಇಟ್ಟದ್ದಾಯಿತು. ಎದುರಿಗೆ ಶಾಲಿನಿಯ ಬದಿ ಮದುವಣಗಿತ್ತಿಯ ಹಾಗೆ ನಿಂತಿತು. ಹಿಂದೆ ಕನ್ನಡಿಯಲ್ಲಿ ನನ್ನ ಗಂಟುಗಳೆಲ್ಲ ಜೋತುಬಿದ್ದು, ಅವುಗಳ ಮೇಲೆ ನನ್ನ ಪೆಚ್ಚು ಮುಖವೂ ಕಾಣುತ್ತಿತ್ತು. ಹಲೀಮಾಬಿಯವರನ್ನು ಹಳೇ ಮನೆಯಿಂದ ಕರೆತಂದು ಕುರ್ಚಿ ಹಾಕಿ ಕೂರಿಸಿದರು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಇಕ್ಬಾಲ ಕರವಸ್ತ್ರ ಹಿಸುಕುತ್ತಿದ್ದ. ಎಲ್ಲರ ಊಟ, ನಿದ್ದೆ, ಪೆಟ್ಟಿಗೆಯೊಳಗಿನ ಪಾತ್ರೆ, ಎಲ್ಲವೂ ಈಗ ಆ ಮುದುಕಿಯ ಒಂದು ಮಾತಿನ ಮೇಲೆ ನಿಂತಿದ್ದವು.

ಹಲೀಮಾಬಿ ಕನ್ನಡಕ ಒರೆಸಿ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಶಾಲಿನಿಯ ಬದಿ ನೋಡಿ "ಚೆಂದ ಉಂಟು" ಅಂದರು. ಬರುತ್ತೇನೆ ಅನ್ನಲಿಲ್ಲ. ಆಮೇಲೆ ಕುರ್ಚಿಯಲ್ಲೇ ಮುಂದೆ ಬಗ್ಗಿ ಕನ್ನಡಿಯನ್ನು ನೋಡಿದರು.

"ಆಚೆ ಬದಿ ಕಟ್ಟಿದ್ದು ಯಾರು?"

"ನಾನೇ ಅಮ್ಮಾ" ಎಂದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇಕ್ಬಾಲ, ಹಡಗು ತಿರುಗ್ಸು" ಅಂದರು ಅವರು. ಅವನು ತಿರುಗಿಸಿದ. ನನ್ನ ಜೋಲು ಏಣಿಗಳು ಎಲ್ಲರೆದುರು ಬಂದವು. ಹಡಗಿನ ಮೂತಿ ಬಾಗಿಲ ಕಡೆಯಿದ್ದದ್ದು ಈಗ ಮನೆಯ ಒಳಗಡೆಗಾಯಿತು. ಮುದುಕಿ ನಗತೊಡಗಿದರು. ಹಲ್ಲಿಲ್ಲದ ಬಾಯಿ ತುಂಬ ನಗು, ಕಣ್ಣಲ್ಲಿ ನೀರು.

"ಆ ಬದಿ ಹೋಗೂ ಹಡಗು. ಹೋಗುವಾಗ ಎಲ್ಲ ಬಿಗಿ ಇರ್ತದೆ, ಚೆಂದ ಇರ್ತದೆ, ಊರೆಲ್ಲ ಬಂದು ನೋಡ್ತದೆ. ಬರೂ ಹಡಗು ಹೀಗೇ. ಹಗ್ಗ ಎಲ್ಲ ಸಡ್ಲ ಆಗಿ, ಸುಸ್ತಾಗಿ ಬರ್ತಿತ್ತು. ಅಪ್ಪ ಬಂದ ಹೇಳಿ ನಮಗೆ ಅದ್ರ ಮೇಲೇ ಗೊತ್ತಾಗೂದು. ನಾ ಕಿಟಕಿಲಿ ಕಾಯ್ತಿದ್ದದ್ದು ಇದಕ್ಕೆ."

ಆಮೇಲೆ ಅವರು ಸುತ್ತ ನೋಡಿ ಕೇಳಿದರು: "ನನ್ನ ಮಂಚ ಎಲ್ಲಿ ಹಾಕ್ತಿ? ಹಡಗು ಕಾಣೂ ಹಾಗೆ ಸ್ವಲ್ಪ ಇತ್ಲಾಗೆ ಹಾಕು."

ಇಕ್ಬಾಲ ನನ್ನನ್ನು ಅಪ್ಪಿಕೊಂಡ. ಸೊಸೆ ಓಡಿಹೋಗಿ ಪಾತ್ರೆಯ ಪೆಟ್ಟಿಗೆ ಬಿಚ್ಚಿದ್ದು ಒಳಗಿಂದ ಕೇಳಿಸಿತು. ನನಗಾದ ಸಂತೋಷ ಎಷ್ಟೆಂದು ಹೇಳಲು ಬರುವುದಿಲ್ಲ. ಊಟಕ್ಕೆ ಕೂತಾಗ ಖೀರು ಬಂತು. ಈ ಸಲ ನಾನು ಬಾಯಿ ಮುಚ್ಚಿಕೊಂಡೇ ಕುಡಿದೆ.

ವಾಪಸು ಬರುವಾಗ ಶಾಲಿನಿ ಮುರ್ಡೇಶ್ವರ ದಾಟುವವರೆಗೆ ಬಿಗಿಯಾಗಿಯೇ ಕೂತಿದ್ದಳು. ಆಮೇಲೆ ಅಂದಳು: "ಮುಂದಿನ ಹಡಗಿಗೆ ಎರಡೂ ಬದಿ ನಾನೇ ಕಟ್ತೆ."

"ಕಟ್ಟು. ಆದರೆ ಅದು ಹೋಗ್ತಲೇ ಇರ್ತದೆ. ವಾಪಸು ಬರೂದು ಯಾವಾಗ?" ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತ ತಡೆಯಲಾರದೆ ನಕ್ಕುಬಿಟ್ಟಳು.

"ಆತು ಮಾರಾಯ್ರೆ. ಬರೂ ಬದಿ ನೀವೇ ಕಟ್ಟಿ."