ಆಯುಧಪೂಜೆಗೆ ತೊಳೆದ ಕಂಪ್ಯೂಟರುಗಳು

ಅರಕಲಗೂಡಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಪರಮಶಿವಯ್ಯ ಮೇಷ್ಟ್ರ ಟೈಪಿಂಗ್ ಶಾಲೆ ಇತ್ತು. ಸೌಜನ್ಯ ಆ ಮೆಟ್ಟಿಲನ್ನು ಮೊದಲು ಹತ್ತಿದ್ದು ತೊಂಬತ್ತಾರರಲ್ಲಿ, ಪಿಯುಸಿ ಗಣಿತದಲ್ಲಿ ಎರಡನೇ ಸಲ ಫೇಲಾದ ಮೇಲೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ಅನಿಸಿತ್ತು. "ಬೆರಳಿಗಾದ್ರೂ ಒಂದು ಕೆಲ್ಸ ಇರ್ಲಿ" ಎಂದು ಅಪ್ಪ ಕರೆತಂದು, ಮೇಷ್ಟ್ರ ಮುಂದೆ ಕೂರಿಸಿ, ಹೊರಟುಹೋದರು.

ಮೇಷ್ಟ್ರು ಅವಳಿಗೆ ಮೊದಲು ಹೇಳಿಕೊಟ್ಟದ್ದು ಅಕ್ಷರಗಳನ್ನಲ್ಲ, ಮಷಿನ್ ಒರೆಸುವುದನ್ನು. ಟೈಪ್‌ರೈಟರಿನ ಅಚ್ಚಿನಲ್ಲಿ ಇಂಕಿನ ಕೊಳೆ ತುಂಬಿಕೊಂಡರೆ 'e' ಕೂಡ ನಡುವಿನ ಕಣ್ಣು ಮುಚ್ಚಿ ಕುರುಡಾಗಿ ಬೀಳುತ್ತದೆ. ಅದನ್ನು ಗುಂಡುಸೂಜಿಯಿಂದ ಕೆದಕಿ, ಸೀಮೆಎಣ್ಣೆ ಹಚ್ಚಿದ ಬ್ರಷ್‌ನಿಂದ ಉಜ್ಜಬೇಕು. "ಕೊಳೆ ಮಷಿನ್ನಾಗೆ ಕಲ್ತೋರ ಕೈಯೂ ಕೊಳೆ ಕಣವ್ವಾ" ಎನ್ನುವುದು ಅವರ ಮಾತು. ಸೌಜನ್ಯಳಿಗೆ ಆ ಕೆಲಸ ಹಿಡಿಸಿತು. ಗಣಿತದಲ್ಲಿ ತಪ್ಪು ಎಲ್ಲಾಯಿತು ಎಂದು ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ತಪ್ಪು ಕಣ್ಣಿಗೆ ಕಾಣುತ್ತಿತ್ತು, ಸೂಜಿಗೆ ಸಿಗುತ್ತಿತ್ತು.

ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸಾಗಿ ಅವಳು ಅಲ್ಲೇ ಕಲಿಸುವವಳಾದಳು. ಕಂಪ್ಯೂಟರುಗಳು ಬಂದವು, ಟೈಪ್‌ರೈಟರುಗಳು ಒಂದೊಂದಾಗಿ ಗೋಡೆಯ ಪಕ್ಕಕ್ಕೆ ಸರಿದವು. ಮೇಷ್ಟ್ರು ಅದಕ್ಕೆ ದುಃಖಪಡಲಿಲ್ಲ. ಟೈಪ್‌ರೈಟರಿಗೆ ಹೊಲಿಸಿದ್ದ ರೆಕ್ಸಿನ್ ಹೊದಿಕೆಗಳನ್ನು ಬಿಚ್ಚಿ ಮಾನಿಟರುಗಳ ಅಳತೆಗೆ ಮತ್ತೆ ಹೊಲಿಸಿದರು, ಅಷ್ಟೆ. ಎರಡು ಸಾವಿರದ ಐದರಲ್ಲಿ ಸೌಜನ್ಯ ವಾರಕ್ಕೆ ಮೂರು ದಿನ ಹಾಸನದ ಬಸ್ಸು ಹತ್ತಿ, ಅಲ್ಲಿನ ಒಂದು ತರಬೇತಿ ಸಂಸ್ಥೆಯಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಳು. ಜಾವಾ ಅವಳಿಗೆ ಗಣಿತದ ಹಾಗೆ ಕಾಣಲಿಲ್ಲ. ತಪ್ಪಾದ ಸಾಲಿನ ಪಕ್ಕ ಕೆಂಪು ಗುರುತು ಬರುತ್ತಿತ್ತು. ಇದೂ ಸೂಜಿಗೆ ಸಿಗುವ ಕೊಳೆ ಅಂದುಕೊಂಡಳು.

ಮರುವರ್ಷ ಆ ಸಂಸ್ಥೆಯ ಹೆಸರಿನಲ್ಲೇ, ಅರಕಲಗೂಡಿನ ಮೇಷ್ಟ್ರ ಶಾಲೆಯಲ್ಲಿ ಸೌಜನ್ಯಳ ಜಾವಾ ತರಗತಿ ಶುರುವಾಯಿತು. ಸೇರಿದವರೆಲ್ಲ ಹುಡುಗಿಯರು. ಹಾಸನಕ್ಕೆ ದಿನಾ ಕಳಿಸಲು ಅವರ ಮನೆಗಳಲ್ಲಿ ಒಪ್ಪುತ್ತಿರಲಿಲ್ಲ. ಅವರಲ್ಲೊಬ್ಬಳಾದ ಕೋಟೆ ಬೀದಿಯ ಆರತಿಯ ಅಜ್ಜಿ ಗೋದಮ್ಮ ಸೌಜನ್ಯಳ ಮುಂದೆಯೇ ಹೇಳಿದ್ದರು: "ನಮ್ಮ ದೇವಸ್ಥಾನದ ಗಂಟೆ ಕೇಳೋವಷ್ಟು ದೂರ ಹೋಗಲಿ. ಅದಕ್ಕಿಂತ ಆಚೆ ಬೇಡಮ್ಮ."

ಆದರೆ ಹಾಸನದ ಸಂಸ್ಥೆಯವರು ಒಂದು ಷರತ್ತು ಹಾಕಿದ್ದರು. ಮೊದಲ ತಂಡದವರು ತಾವು ಬರೆದ ಪ್ರಾಜೆಕ್ಟನ್ನು ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕು. ಚೆನ್ನಾಗಿ ಆದರೆ ಅರಕಲಗೂಡಿನಲ್ಲಿ ಜಾವಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಹಾಸನಕ್ಕೆ ಹೋಗುವವರಿಗೆ ಮಾತ್ರ. ಹಾಗಾದರೆ ಸೌಜನ್ಯ ಮತ್ತೆ ಟೈಪಿಂಗ್ ಸ್ಪೀಡ್ ತರಗತಿಗೆ ಮರಳಬೇಕು.

ಪರೀಕ್ಷೆ ವಿಜಯದಶಮಿಯ ಮಾರನೆಯ ದಿನ ಎಂದು ಗೊತ್ತಾಯಿತು. ಹುಡುಗಿಯರು ಬಸ್ ವೇಳೆ ಹೇಳುವ ಪ್ರೋಗ್ರಾಂ ಬರೆದಿದ್ದರು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಊರು ಆರಿಸಿದರೆ ಅರಕಲಗೂಡಿನಿಂದ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಪರದೆಯ ಮೇಲೆ ಬರುತ್ತಿತ್ತು. ಹಬ್ಬದ ಮುಂಚೆ ಎಲ್ಲ ಮಷಿನ್‌ಗಳಲ್ಲೂ ಅದು ಸಲೀಸಾಗಿ ನಡೆದಿತ್ತು.

ಆಯುಧಪೂಜೆಯ ದಿನ ಮೇಷ್ಟ್ರು ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದರು. ಪೂಜೆಗೆ ಕೂತ ಮಷಿನನ್ನು ವಿಜಯದಶಮಿ ಸಂಜೆ ಮತ್ತೊಮ್ಮೆ ಮಂಗಳಾರತಿ ಎತ್ತುವವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಮಾರನೆಯ ಬೆಳಿಗ್ಗೆ ಬೇಗ ಬಂದು ಸ್ವಿಚ್ ಹಾಕಿದಾಗಲೇ ಸೌಜನ್ಯಳಿಗೆ ವಿಷಯ ಗೊತ್ತಾದದ್ದು.

ಎಕ್ಲಿಪ್ಸ್ ತೆರೆಯಿತು. ಪ್ರೋಗ್ರಾಂ ಬರೆಯುವುದೆಲ್ಲ ಅದರಲ್ಲೇ. ಎಡಗಡೆ ಪ್ರಾಜೆಕ್ಟಿನ ಹೆಸರು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಆಗ ತಾನೇ ಅಂಗಡಿಯಿಂದ ತಂದ ಹಾಗೆ ಸ್ವಾಗತದ ಪುಟ ನಗುತ್ತಿತ್ತು. ಪಕ್ಕದ ಮಷಿನ್ ಹಾಕಿದಳು. ಅದರಲ್ಲೂ ಖಾಲಿ. ಅದರ ಪಕ್ಕದ್ದೂ.

ಆರತಿ ಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಮಿಸ್, ನಮ್ದೆಲ್ಲ ಹೋಯ್ತಾ?"

"ಸುಮ್ನಿರು. ನೋಡನ" ಎಂದಳು ಸೌಜನ್ಯ.

ಮೇಷ್ಟ್ರ ಹೆಂಡತಿ ಗಂಗಾಂಬಿಕೆ ಹಬ್ಬದ ಉಸಲಿ ಡಬ್ಬಿ ಹಿಡಿದು ಮೇಲೆ ಬಂದರು. ಸಂಗತಿ ಕೇಳಿ, "ಎಕ್ಲಿಪ್ಸು ಅಂದ್ರೆ ಗ್ರಹಣ ಅಂತೆ ಕಣೇ. ಅಂಥಾ ಹೆಸ್ರಿಟ್ಕಂಡಿರೋದು ಇನ್ನೇನ್ ಮಾಡ್ತದೆ?" ಎಂದರು. ಯಾರೂ ನಗಲಿಲ್ಲ.

ಸೌಜನ್ಯ ಎಕ್ಲಿಪ್ಸನ್ನು ಬಿಟ್ಟು, ಡಿಸ್ಕಿನಲ್ಲಿದ್ದ ಪ್ರಾಜೆಕ್ಟಿನ ಫೋಲ್ಡರನ್ನೇ ನೇರವಾಗಿ ತೆರೆದಳು. ಹುಡುಗಿಯರು ಬರೆದ ಫೈಲುಗಳೆಲ್ಲ ಅಲ್ಲೇ ಇದ್ದವು. ಅವಳಿಗೆ ಉಸಿರು ಬಂತು. ಬರೆದದ್ದು ಹೋಗಿಲ್ಲ. ಹಾಗಾದರೆ ಹೋದದ್ದು ಏನು? ನಿಧಾನವಾಗಿ ಒಂದೊಂದೇ ಹೆಸರು ಓದಿದಳು. ಚುಕ್ಕೆಯಿಂದ ಶುರುವಾಗುವ ಹೆಸರುಗಳು ಒಂದೂ ಇರಲಿಲ್ಲ.

ಆ ಹೊತ್ತಿಗೆ ಪರಮಶಿವಯ್ಯ ಮೇಷ್ಟ್ರು ಮಡಿಸಿದ ರೆಕ್ಸಿನ್ ಹೊದಿಕೆಗಳನ್ನು ಹೊತ್ತು ಒಳಗೆ ಬಂದರು.

"ಸಾ, ಹಬ್ಬದ ಮುಂಚೆ ಮಷಿನ್ ಕ್ಲೀನ್ ಮಾಡುದ್ರಲ್ಲ, ಒಳಗೂ ಮಾಡುದ್ರಾ?" ಎಂದು ಸೌಜನ್ಯ ಕೇಳಿದಳು.

"ಮಾಡ್ದೆ ಇರ್ತೀನಾ?" ಅವರ ಮುಖ ಅರಳಿತು. "ಆಚೆ ಒರೆಸ್ಬುಟ್ಟು ಒಳಗೆ ಕೊಳೆ ಬಿಟ್ರೆ ಅದೆಂಥ ಪೂಜೆ? ಎಲ್ಲಾ ಫೋಲ್ಡರ್‌ನಾಗೂ ಒಂದು ಚುಕ್ಕೆ ಇಟ್ಕಂಡು ಎಂಥವೋ ಕೂತಿದ್ವು. ಮೊದಲಕ್ಷರದ ಮುಂದೆ ಚುಕ್ಕೆ ಯಾರಾದ್ರೂ ಹೊಡೀತಾರಾ? ಕೈ ತಪ್ಪಿ ಬಿದ್ದಿರೋ ಕಸ ಅನ್ಕಂಡು ತೆಗೆದ್ಬುಟ್ಟೆ."

"ಕಸದ ಬುಟ್ಟೀಲಿ ಇದಾವಾ ಸಾ?" ಎಂದು ಆರತಿ ರೀಸೈಕಲ್ ಬಿನ್ನನ್ನು ತೆರೆದಳು.

"ಕಸದ ಬುಟ್ಟಿ ತುಂಬಿಟ್ಟು ಪೂಜೆ ಮಾಡ್ತಾರೇನಮ್ಮಾ? ಅದನ್ನೂ ಖಾಲಿ ಮಾಡ್ದೆ."

ಗಂಗಾಂಬಿಕೆ ಹಣೆ ಚಚ್ಚಿಕೊಂಡರು. "ಮನೇಲಿ ಒಂದು ಲೋಟ ತೊಳೆಯಲ್ಲ. ಇಲ್ಲಿ ಬಂದು ಗುಡಿಸಿ ಸಾರಿಸೋದು ನೋಡು!"

ಮೇಷ್ಟ್ರಿಗೆ ಈಗ ಅರ್ಥವಾಯಿತು. ಹೊದಿಕೆಗಳನ್ನು ಕೆಳಗಿಡದೆ ಹಾಗೆಯೇ ನಿಂತುಬಿಟ್ಟರು. ಅವರ ಆ ನಿಲುವು ನೋಡಿದಾಗ ಸೌಜನ್ಯಳಿಗೆ ಹತ್ತು ವರ್ಷದ ಹಿಂದೆ ತಾನು ಫೇಲಾಗಿ ಇದೇ ಕೋಣೆಗೆ ಬಂದದ್ದು ನೆನಪಾಯಿತು. ಅವತ್ತು ಅವರು ಮಾರ್ಕ್ಸ್ ಕಾರ್ಡ್ ಕೇಳಿರಲಿಲ್ಲ. ಬ್ರಷ್ ಕೊಟ್ಟಿದ್ದರು.

"ಬನ್ನಿ ಸಾ, ಪಕ್ಕ ಕೂತ್ಕಳಿ" ಎಂದು ಕುರ್ಚಿ ಎಳೆದಳು. "ಬರ್ದಿರೋದೆಲ್ಲ ಐತೆ. ಆ ಚುಕ್ಕೆ ಫೈಲು ಹಣೆ ಮ್ಯಾಲಿನ ವಿಭೂತಿ ಇದ್ದಂಗೆ. ಇದು ಇಂಥ ಪ್ರಾಜೆಕ್ಟು, ಇದಕ್ಕೆ ಇಂಥಿಂಥದ್ದು ಬೇಕು ಅಂತ ಎಕ್ಲಿಪ್ಸಿಗೆ ಗುರ್ತು. ಗುರ್ತು ಅಳಿಸೋದ್ರೆ ಆಳು ಹೋದಂಗಲ್ಲ. ಮತ್ತೆ ಇಟ್ಟರಾಯ್ತು."

ಹೇಳಿದಷ್ಟು ಸುಲಭವಾಗಲಿಲ್ಲ. ಇದ್ದ ಪ್ರಾಜೆಕ್ಟನ್ನು ಒಳಗೆ ತರಲು ನೋಡಿದಳು. ಗುರುತಿನ ಫೈಲೇ ಇಲ್ಲದ ಮೇಲೆ ಇಲ್ಲಿ ಪ್ರಾಜೆಕ್ಟೇ ಇಲ್ಲ ಎಂದಿತು ಎಕ್ಲಿಪ್ಸು. ಹಾಗಾದರೆ ಹೊಸ ಪ್ರಾಜೆಕ್ಟು ಮಾಡಿ, ಹಳೆಯ ಫೋಲ್ಡರಿನ ದಾರಿಯನ್ನೇ ಅದಕ್ಕೆ ತೋರಿಸಿದಳು. ಈ ಸಲ ಎಡಗಡೆ ಹೆಸರು ಬಂತು. ಅಷ್ಟರಲ್ಲಿ ಬಂದು ಸೇರಿದ್ದ ಹುಡುಗಿಯರು ಹೋ ಎಂದರು. ಹಿಂದೆಯೇ ಎಲ್ಲ ಫೈಲುಗಳ ಮೇಲೂ ಕೆಂಪು ಗುರುತು ಬಂದು ಕೂತಿತು.

ಬಸ್ಸಿನ ವೇಳೆಗಳನ್ನು ಡೇಟಾಬೇಸಿನಿಂದ ತರುವ ಡ್ರೈವರ್ ಫೈಲು ಬೇರೆ ಡ್ರೈವಿನಲ್ಲಿತ್ತು. ಹೊಸ ಪ್ರಾಜೆಕ್ಟಿಗೆ ಅದರ ಗುರುತಿರಲಿಲ್ಲ. ಅದನ್ನು ಸೇರಿಸಿದಳು. ಒಂದಿಷ್ಟು ಕೆಂಪು ಹೋಯಿತು, ಒಂದಿಷ್ಟು ಉಳಿಯಿತು. ಉಳಿದ ಸಾಲುಗಳಲ್ಲಿ ತಪ್ಪೇನೂ ಕಾಣಲಿಲ್ಲ. ಹಬ್ಬದ ಮುಂಚೆ ನಡೆದ ಸಾಲುಗಳೇ ಅವು. ಸೌಜನ್ಯ ಒಂದನ್ನು ಅಳಿಸಿ ಬರೆದಳು. ಆವರಣ ಬದಲಿಸಿದಳು. ಮತ್ತೆ ಹಾಗೇ ಬರೆದಳು. ಕೆಳಗೆ, ಪರೀಕ್ಷಕರು ಬರಬಹುದಾದ ಹಾಸನದ ಬಸ್ಸಿನ ಹಾರನ್ ಕೇಳಿದಾಗ ಅವಳ ಬೆರಳು ಕೀಲಿಯ ಮೇಲೆ ತಪ್ಪಿ ಬಿತ್ತು. ಅವಳ ಬೆರಳು ತಪ್ಪುವುದನ್ನು ಮೇಷ್ಟ್ರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಕೈ ತಗಿ" ಎಂದರು ಮೆಲ್ಲಗೆ. "ಮೊದ್ಲು ಓದು. ಓದ್ದಲೆ ಹೊಡೀಬ್ಯಾಡ ಅಂತ ಎಷ್ಟು ಸಲ ಹೇಳಿಲ್ಲ ನಾನು?"

ಅವರು ಕನ್ನಡಕ ಏರಿಸಿ, ಪರದೆಯ ಅಡಿಯಲ್ಲಿದ್ದ ಸಾಲನ್ನು ಟೈಪಿಂಗ್ ಪರೀಕ್ಷೆಗೆ ಡಿಕ್ಟೇಶನ್ ಕೊಡುವಂತೆ ಒಂದೊಂದೇ ಪದ ಬಿಡಿಸಿ ಓದಿದರು. ಕೊನೆಯಲ್ಲಿ, "ಸೋರ್ಸ್ ಲೆವೆಲ್ ಐದು ಪಾಯಿಂಟ್ ಸೊನ್ನೆ ಇದ್ದರೆ ಮಾತ್ರ, ಅಂತೈತೆ. ನನಗರ್ಥ ಆಗ್ಲಿಲ್ಲ, ಓದ್ದೆ ಅಷ್ಟೆ" ಎಂದರು.

ಸೌಜನ್ಯ ತಲೆಯ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು. ಗುರುತುಗಳೆಲ್ಲ ಅಳಿಸಿ ಹೋದಾಗ ಎಕ್ಲಿಪ್ಸು ತನ್ನ ಹಳೆಯ ಅಭ್ಯಾಸಕ್ಕೆ ಮರಳಿ, ಹಿಂದಿನ ಜಾವಾದ ಲೆಕ್ಕದಲ್ಲಿ ಓದುತ್ತಿತ್ತು. ಹುಡುಗಿಯರು ಬರೆದದ್ದು ಹೊಸ ಜಾವಾದಲ್ಲಿ. ಸಾಲುಗಳಲ್ಲಿ ತಪ್ಪಿರಲಿಲ್ಲ, ಓದುವ ಕನ್ನಡಕ ಹಳೆಯದಾಗಿತ್ತು. ಅವಳು ಸೆಟ್ಟಿಂಗಿಗೆ ಹೋಗಿ ಐದು ಪಾಯಿಂಟ್ ಸೊನ್ನೆ ಮಾಡಿದಳು. ಕೆಂಪು ಗುರುತುಗಳು ಒಟ್ಟಿಗೆ ಮಾಯವಾದವು.

"ಹಾಸನ ಒತ್ತಿ ನೋಡು" ಎಂದಳು ಆರತಿಗೆ. ಒತ್ತಿದಳು. ಮುಂದಿನ ಬಸ್ಸಿನ ವೇಳೆ ಬಂತು.

ಉಳಿದ ಮಷಿನ್‌ಗಳನ್ನು ಸೌಜನ್ಯ ಮುಟ್ಟಲಿಲ್ಲ. "ನಾನು ಮಾಡಿದ್ದು ನೋಡಿದ್ರಲ್ಲ. ನಿಮ್ಮ ನಿಮ್ಮದು ನೀವೇ ಮಾಡ್ಕಳಿ" ಎಂದಳು. ಹುಡುಗಿಯರು ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು, ಜಗಳವಾಡಿಕೊಂಡು, ಮಾಡಿಕೊಂಡರು. ಕೊನೆಯ ಮಷಿನ್ ಸರಿಯಾಗುವಾಗ ಪರೀಕ್ಷಕರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಪರೀಕ್ಷಕರ ಹೆಸರು ಮುರಳೀಕೃಷ್ಣ. ಹಾಸನದಲ್ಲಿ ಕೆಲಸ, ಮನೆ ಹೊಳೆನರಸೀಪುರದಲ್ಲಿ. ಮಾತು ಕಡಿಮೆ. ಪ್ರಾಜೆಕ್ಟುಗಳನ್ನು ನೋಡಿದರು, ತಲೆದೂಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ಆರತಿಯ ಹತ್ತಿರ ನಿಂತು ಕೇಳಿದರು: "ಇದನ್ನ ನಿಮ್ಮ ಮಿಸ್ ಬರೆದುಕೊಟ್ಟರೋ, ನೀವು ಬರೆದಿರೋ, ನನಗೆ ಹೇಗೆ ಗೊತ್ತಾಗಬೇಕು? ಸರಿ, ನಾಳೆ ಬೆಳಿಗ್ಗೆ ಬಂದು ನೋಡಿದಾಗ ಪ್ರಾಜೆಕ್ಟೇ ಕಾಣಲಿಲ್ಲ ಅಂದುಕೋ. ಏನು ಮಾಡ್ತೀಯ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆರತಿ ನಗಲಿಲ್ಲ. ಫೈಲುಗಳು ಡಿಸ್ಕಿನಲ್ಲಿ ಇವೆಯೇ ಎಂದು ಮೊದಲು ನೋಡುವುದರಿಂದ ಹಿಡಿದು, ಡ್ರೈವರ್ ಸೇರಿಸಿ, ಜಾವಾದ ಲೆವೆಲ್ ಬದಲಿಸುವವರೆಗೆ ತಡವರಿಸದೆ ಹೇಳಿದಳು. ಮುರಳೀಕೃಷ್ಣ ಮೊದಲ ಸಲ ಕುರ್ಚಿ ಎಳೆದು ಕೂತರು.

"ಇದನ್ನ ಪುಸ್ತಕ ಓದಿ ಹೇಳೋಕಾಗಲ್ಲ. ಯಾರಮ್ಮ ಹೇಳಿಕೊಟ್ಟಿದ್ದು?"

ಆರತಿ ಸೌಜನ್ಯಳ ಕಡೆ ನೋಡಿದಳು. ಸೌಜನ್ಯ ಮೇಷ್ಟ್ರ ಕಡೆ ನೋಡಿದಳು. ಮೂಲೆಯಲ್ಲಿ ಕೂತಿದ್ದ ಪರಮಶಿವಯ್ಯ ಮೇಷ್ಟ್ರು ಎದ್ದು ನಿಂತರು.

"ಪಾಠ ಅವ್ಳುದು ಸಾ. ಪಾಠಕ್ಕೆ ಬೇಕಾದ ರಿಪೇರಿ ಕೆಲ್ಸ ಒದಗಿಸಿದ್ದು ನಾನು" ಎಂದು, ಆದದ್ದನ್ನೆಲ್ಲ, ಕಸದ ಬುಟ್ಟಿ ಖಾಲಿ ಮಾಡಿದ್ದರ ಸಮೇತ, ಹೇಳಿಬಿಟ್ಟರು.

ಮುರಳೀಕೃಷ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಗಾಂಬಿಕೆ ಕೊಟ್ಟ ಉಸಲಿ ತಿಂದರು. "ಮುಂದಿನ ತಂಡಕ್ಕೆ ಯಾವಾಗ ಶುರು ಮಾಡ್ತೀರಿ?" ಎಂದು ಅವರು ಕೇಳಿದ್ದು ಮೇಷ್ಟ್ರನ್ನಲ್ಲ, ಸೌಜನ್ಯಳನ್ನು.

"ದೀಪಾವಳಿ ಕಳೀಲಿ ಸಾ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಸ್ವಲ್ಪ ಜೋರಾಗಿ ಹೇಳಿದಳು.

ಹೊರಡುವಾಗ ಅವರು ಹೊಳೆನರಸೀಪುರದ ಬಸ್ಸು ಯಾವಾಗ ಎಂದು ಕೇಳಿದರು. ಆರತಿ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು. ಅವರು ಕೆಳಗಿಳಿದು ಹೋಗಿ, ಬಸ್ಸು ಬಾರದೆ, ಬಹಳ ಹೊತ್ತು ನಿಂತಿದ್ದರು. ಹುಡುಗಿಯರು ಕಿಟಕಿಯಿಂದ ನೋಡಿ ನಾಚಿಕೊಂಡರು. "ನಮ್ ಪ್ರೋಗ್ರಾಂ ಸರೀಗೈತೆ ಕಣ್ರೇ, ಬಸ್ಸಿಗೆ ತಪ್ಪು" ಎಂದಳು ಆರತಿ.

ಸೌಜನ್ಯ ಆಮೇಲೆ ಅಲ್ಲಿ ಎಷ್ಟೋ ತಂಡಗಳಿಗೆ ಕಲಿಸಿದಳು. ಅವಳ ಮೊದಲ ತರಗತಿಯಲ್ಲಿ ಪ್ರೋಗ್ರಾಂ ಇರುತ್ತಿರಲಿಲ್ಲ. ನಡೆಯುತ್ತಿದ್ದ ಪ್ರಾಜೆಕ್ಟಿನ ಒಂದು ಪ್ರತಿಯಿಂದ ಚುಕ್ಕೆ ಫೈಲುಗಳನ್ನು ತೆಗೆಸಿ, "ಈಗ ಸರಿ ಮಾಡಿ" ಎನ್ನುತ್ತಿದ್ದಳು. ಅಳಿಸುವ ಕೆಲಸ ಮಾತ್ರ ಪರಮಶಿವಯ್ಯ ಮೇಷ್ಟ್ರದ್ದು. ಅದಕ್ಕೆಂದೇ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.